ಗಟ್ಟಿ ದನಿ

ಜೂನ್ 3, ಸೋಮವಾರ

ಬೆಳಗಿನ ಶಿಫ್ಟಿನವರನ್ನು ಎಬ್ಬಿಸಿ ಮಿಲ್ಲಿಗೆ ಅಟ್ಟಿದ್ದಾಯಿತು. ಇಬ್ಬರಿಗೆ ಜ್ವರ. ಒಬ್ಬಳದು ನಿಜ, ಇನ್ನೊಬ್ಬಳದು ನಾಟಕ. ನಾಟಕದವಳೇ ಎಲ್ಲರಿಗಿಂತ ಮೊದಲು ಇಡ್ಲಿಗೆ ನಿಂತಿದ್ದಳು.

ಮಧ್ಯಾಹ್ನ ನಮ್ಮ ಹಾಸ್ಟೆಲಿನ ಹುಡುಗಿ ಪೇಚಿಯ ಅಪ್ಪನ ಫೋನು, ಕೋವಿಲ್‌ಪಟ್ಟಿ ಕಡೆಯಿಂದ. "ಅವರಮ್ಮಂಗೆ ತುಂಬಾ ಹುಷಾರಿಲ್ಲ, ವಾರ್ಡನಮ್ಮಾ. ಮಗೂನ ಕಳಿಸಿಕೊಡಿ."

ಶುರುವಾಯಿತು! ದೀಪಾವಳಿ, ಪೊಂಗಲ್ ಬಿಟ್ಟರೆ ಈ ಹಾಸ್ಟೆಲಿನ ಗೇಟು ತೆಗೆಯುವುದಿಲ್ಲ. ಒಪ್ಪಂದದ ಮೂರು ವರ್ಷ ಮುಗಿಯುವ ತನಕ ಹಾಗೆಯೇ. ಅದಕ್ಕೇ ಊರುಗಳಲ್ಲಿ ಅಜ್ಜಿಯರು ಸಾಯುತ್ತಾರೆ. ಸೆಲ್ವರಾಣಿಯ ಅಜ್ಜಿ ನಾಲ್ಕು ಸಲ ಸತ್ತಳು. ಐದನೆಯ ಸಲ ಬಾಳೆಹಣ್ಣು ಹಿಡಿದುಕೊಂಡು ಮೊಮ್ಮಗಳನ್ನು ನೋಡಲು ತಾನೇ ಬಂದಳು.

ಪೇಚಿಯ ಅಪ್ಪನೂ ಕಡಿಮೆಯವನಲ್ಲ. ಮಾರ್ಚಿನಲ್ಲಿ ಹೆಂಡತಿಗೆ ಎದೆನೋವು ಎಂದು ಅತ್ತ. ನಂಬಿ ಗೇಟ್ ಪಾಸ್ ಕೊಡಿಸಿದೆ. ವಾರ ಕಳೆದು ಬಂದಳು ಮಗಳು — ಕೈತುಂಬ ಗೋರಂಟಿ! ತಂಗಿ ಮೈನೆರೆದ ಶಾಸ್ತ್ರವಂತೆ. ಮ್ಯಾನೇಜರ್ ತಂಗವೇಲು ಎಲ್ಲರ ಮುಂದೆ, "ಮನೋನ್ಮಣಿ ಅಮ್ಮನ ಕಿವಿ ಮೇಲೆ ಹೂ ಇಟ್ರು" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದಿತ್ತು.

ಇನ್ನೊಂದು ಸಲ ಹೂ ಇಡಿಸಿಕೊಳ್ಳುವಷ್ಟು ದಡ್ಡಿಯಲ್ಲ ನಾನು.

ಜೂನ್ 6, ಗುರುವಾರ

ಮತ್ತೆ ಪೇಚಿಯ ಅಪ್ಪ. ಮ್ಯಾನೇಜರಿಗೆ ಹೇಳಿದೆ. "ಹೆಣದ ಫೋಟೋ ಕಳಿಸಕ್ಕೆ ಹೇಳಿ, ಪಾಸ್ ಕೊಡೋಣ" ಎಂದರು. ಹಾಗೇ ಹೇಳಿಬಿಟ್ಟೆ ಪೇಚಿಯ ಅಪ್ಪನಿಗೆ.

ಬುಧವಾರ ಆಡಿಟ್. ನಮ್ಮ ನೂಲಿನ ಬಟ್ಟೆ ಕೊಳ್ಳುವ ಜರ್ಮನಿಯವರ ಪರವಾಗಿ ಹುಡುಗಿಯರನ್ನು ಹೇಗೆ ಇಟ್ಟುಕೊಂಡಿದ್ದೇವೆ ಎಂದು ನೋಡಲು ಚೆನ್ನೈನಿಂದ ಒಬ್ಬರು ಬರುತ್ತಾರೆ. ಬಚ್ಚಲಿಗೆ ಹೊಸ ಸೋಪು ಬಂತು. ಗೇಟಿನ ಸರಪಳಿ ಬಿಚ್ಚಿ ಗೋಡೌನಿಗೆ ಹಾಕಿದರು. ಅವರು ಹೋಗುವ ತನಕ ಹುಡುಗಿಯರಿಗೆ ಫೋನೂ ಇಲ್ಲ.

ಸಂಜೆ ಊಟದ ಹಾಲಿನಲ್ಲಿ, ಆಡಿಟಿನವರು ಕೇಳಿದರೆ ಏನು ಹೇಳಬೇಕೆಂದು ಪಾಠ ಹೇಳಿಸಿದೆ.

"ಊರಿಗೆ ಹೋಗಬೇಕು ಅಂದ್ರೆ?"

"ಕೇಳಿದ್ರೆ ಸಾಕು ಮೇಡಂ, ಬಿಡ್ತಾರೆ!" — ಎಲ್ಲರೂ ಒಟ್ಟಿಗೆ.

ಪೇಚಿ ಎದ್ದು ನಿಂತಳು. ಹದಿನೆಂಟಾದರೂ ಮಕ್ಕಳ ಮುಖ. ಮಾತೋ, ಅರಳು ಹುರಿದ ಹಾಗೆ. "ಹಂಗಾದ್ರೆ ಈಗ ಕೇಳ್ತಿದೀನಕ್ಕಾ, ಬಿಡಿ."

ಹಾಲೆಲ್ಲ ನಗು. ನಾನೂ ನಕ್ಕೆ.

ಆಮೇಲೆ ಪಕ್ಕಕ್ಕೆ ಕರೆದು ಅವಳಪ್ಪ ಫೋನ್ ಮಾಡಿದ್ದು ಹೇಳಿದೆ. "ಈ ಸಲ ನಿಜಾನಾ ಅಕ್ಕಾ? ನಂಗೇ ಗೊತ್ತಾಗ್ತಿಲ್ಲ."

"ಆಡಿಟ್ ಚೆನ್ನಾಗಿ ಮುಗೀಲಿ ಕಣೇ. ನಾನೇ ಬಸ್ ಹತ್ತಿಸ್ತೀನಿ."

ಜೂನ್ 9, ಭಾನುವಾರ

ಬೆಳಿಗ್ಗೆ ಪೇಚಿಯ ಅಮ್ಮನೇ ಫೋನಿನಲ್ಲಿ! ಹೆಣದ ಫೋಟೋ ಬರಬೇಕಿದ್ದ ನಂಬರಿನಿಂದ ಹೆಣವೇ ಮಾತಾಡುತ್ತಿದೆಯಲ್ಲ ಎಂದುಕೊಂಡೆ. ದನಿಯೂ ಗಟ್ಟಿ.

"ನಾನೇ ಮಾತಾಡ್ತಿದೀನಲ್ಲ ತಾಯೀ, ಇನ್ಯಾವ ಸಾಕ್ಷಿ ಬೇಕು? ಮಗಳನ್ನ ಕಳಿಸಿ. ಆಗಲ್ಲ ಅಂದ್ರೆ ಒಂದ್ಸಲ ಅವಳಿಗೆ ಫೋನಾದ್ರೂ ಕೊಡಿ."

ಪೇಚಿ ಮೇಲೆ ತಾರಸಿಯಲ್ಲಿ ತಲೆ ಒಣಗಿಸುತ್ತಿದ್ದಳು. ಶಿಫ್ಟಿನಲ್ಲಿದ್ದಾಳೆ ಎಂದೆ.

"ಇಷ್ಟು ಗಟ್ಟಿಯಾಗಿ ಮಾತಾಡ್ತೀರಲ್ಲಮ್ಮಾ, ನಿಮಗೇನಾಗಿದೆ? ನೂರು ವರ್ಷ ಬಾಳ್ತೀರಿ ಬಿಡಿ."

ಇನ್ನೂ ಏನೋ ಹೇಳುತ್ತಿದ್ದಳು... ಆಫೀಸಿನಿಂದ ಕರೆದರು. ಇಟ್ಟುಬಿಟ್ಟೆ.

ಜೂನ್ 12, ಬುಧವಾರ

ಆಡಿಟ್ ಮುಗಿಯಿತು. ಬಂದವಳು ಹೇಮಾ ಎಂಬ ಹುಡುಗಿ, ಒಳ್ಳೆಯ ಮನಸ್ಸಿನವಳು. ಮ್ಯಾನೇಜರನ್ನು ಹೊರಗೆ ಕಳಿಸಿಯೇ ಹುಡುಗಿಯರನ್ನು ಮಾತಾಡಿಸಿದಳು. ಆದರೂ ಎಲ್ಲರೂ ಪಾಠ ಒಪ್ಪಿಸಿದರು. ಪೇಚಿಯಂತೂ ಎಷ್ಟು ಚೆಂದ ಹೇಳಿದಳೆಂದರೆ, "ಆ ಹುಡುಗಿ ನಗು ನೋಡಿದ್ರೆ ಸಾಕು" ಎಂದಳು ಹೇಮಾ. ನನ್ನನ್ನೂ ಕೇಳಿದಳು. ಯಾರನ್ನೂ ತಡೆಯುವುದಿಲ್ಲ ಮೇಡಂ ಎಂದೆ. ಹೋಗುವಾಗ ಕೈಗೆ ನಂಬರ್ ಕೊಟ್ಟಳು.

ಪಾಸಾದೆವೆಂದು ಎಲ್ಲರಿಗೂ ತಿರುನೆಲ್ವೇಲಿ ಹಲ್ವಾ.

ಪೇಚಿ ತಿನ್ನದೆ ಕೈಯಲ್ಲೇ ಹಿಡಿದು ಬಂದಳು. "ಚೆನ್ನಾಗಿ ಹೇಳಿದ್ನಾ ಅಕ್ಕಾ? ನಾಳೆ ಬಸ್ಸು ತಾನೇ?"

ಮ್ಯಾನೇಜರ್ ಹತ್ತಿರ ಹೋದೆ. ಹೊಸ ಆರ್ಡರ್ ಬಂದಿದೆ, ಶನಿವಾರದ ತನಕ ಒಬ್ಬಳನ್ನೂ ಬಿಡಲಾಗದಂತೆ. ಜಗಳವಾಡಿದೆ. ಗೋಡೆಗೆ ಹೇಳಿದ ಹಾಗಾಯಿತು.

ಶನಿವಾರ ಎಂದಾಗ ಪೇಚಿ ಅಳಲಿಲ್ಲ. ಹಲ್ವಾ ತಟ್ಟೆಯಲ್ಲಿಟ್ಟು ಶಿಫ್ಟಿಗೆ ಹೋದಳು.

ಜೂನ್ 14, ಶುಕ್ರವಾರ. ಬೆಳಿಗ್ಗೆ 11

ಫೋಟೋ ಬಂದಿದೆ.

ಮುಖಕ್ಕೆ ಅರಿಸಿನ, ಹಣೆಗೆ ಕಾಸು. ಗದ್ದಕ್ಕೆ ಬಟ್ಟೆ ಕಟ್ಟಿದ್ದಾರೆ. ಜೊತೆಗೆ ಬೇರೆ ಮಾತಿಲ್ಲ.

ಮ್ಯಾನೇಜರ್ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. "ಸರಿ, ಪಾಸ್ ಬರೀರಿ."

ಥೂ, ನಮ್ಮ ಜನ್ಮಕ್ಕೆ!

ಜೂನ್ 15

ನಿನ್ನೆ ಪೇಚಿಯನ್ನು ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಮಧುರೈ ಬಂತಾ, ಸಾತ್ತೂರು ಬಂತಾ ಎನ್ನುತ್ತಿದ್ದಳು. ನಾವು ಮುಟ್ಟುವಷ್ಟರಲ್ಲಿ, ಬಿಸಿಲಿಗೆ ತಡೆಯದು ಎಂದು ಹೆಣ ಎತ್ತಿಬಿಟ್ಟಿದ್ದರು. ಅಂಗಳ ತೊಳೆದಿತ್ತು. ಆ ಒದ್ದೆ ನೆಲದ ಮೇಲೇ ಬಿದ್ದು ಹೊರಳಾಡಿತು ಮಗು.

ಅವಳ ಸೋದರತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಫೋನ್ ಎತ್ತಿದ ವಾರ್ಡನಮ್ಮ ನೀವೇನಾ? ಮಲಗಿದ್ದೋಳನ್ನ ಮೂರು ಜನ ಎತ್ತಿ ಕೂರಿಸಿದ್ವಿ. ಮಗಳು ಹೆದರ್ಕೋತಾಳೆ ಅಂತ ಗಂಜಿ ಕುಡಿದು ಗಂಟಲು ಸರಿ ಮಾಡ್ಕೊಂಡ್ಳು. ಇದ್ದಬದ್ದ ಉಸಿರೆಲ್ಲಾ ನಿಮ್ಮ ಹತ್ರಾನೇ ಖರ್ಚು ಮಾಡಿದ್ಳು ತಾಯಿ. ಆಮೇಲೆ ಬಾಯೇ ಬಿಡಲಿಲ್ಲ."

ಜಗಲಿಯ ಮೇಲೆ ಕೂತೆ. ಒಂದು ಲೋಟ ನೀರು ಕೊಟ್ಟರು. ಅಂಥ ಮನೆಯಲ್ಲೂ ನನಗೆ ನೀರು ಕೊಟ್ಟರು.

ಜೂನ್ 19

ಹೇಮಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸರಪಳಿ, ಪಾಠ, ಫೋಟೋ. ಅವಳಿಗೆ ನಂಬಲಾಗಲಿಲ್ಲ. "ಯಾರನ್ನೂ ತಡೆಯಲ್ಲ ಅಂತ ನೀವೇ ಅಂದ್ರಲ್ಲ? ಏನಾದ್ರೂ ಸಾಕ್ಷಿ ಇದೆಯಾ?"

ಸಾಕ್ಷಿ! ಹೆಣದ ಫೋಟೋ ಕೇಳಿದ ನನಗೇ ಆ ಮಾತು ತಿರುಗಿ ಬಂತು.

"ಇನ್ನೊಂದು ಸಲ ಬನ್ನಿ ಮೇಡಂ. ಹೇಳದೆ ಬನ್ನಿ. ಹುಡುಗೀರನ್ನ ಮಿಲ್ಲಲ್ಲಿ ಕೇಳಬೇಡಿ, ಅವರ ಊರಿಗೆ ಹೋಗಿ ತಾಯಂದಿರನ್ನ ಕೇಳಿ. ನನ್ನ ಹೆಸರು ಬರ್ಕೊಳಿ, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ."

ಆಫೀಸಿನಲ್ಲಿ ಕೇಳಿ ತಿಳಿಸುತ್ತಾಳಂತೆ.

ಜೂನ್ 25

ಹೇಮಾಳಿಂದ ಸುದ್ದಿಯಿಲ್ಲ. ಮ್ಯಾನೇಜರ್ ತಂಗವೇಲುಗೆ ಮಾತ್ರ ನಾನು ಹೇಳಿದ ಸುದ್ದಿ ಮುಟ್ಟಿದೆ, ಹೇಗೋ. ರೂಮು ಖಾಲಿ ಮಾಡಿ ಎಂದರು. ಹುಡುಗಿಯರಿಗೆ ಹೇಳಿ ಬರಲೂ ಬಿಡಲಿಲ್ಲ.

ಜೂನ್ 29, ಶನಿವಾರ

ಹದಿನಾರನೆಯ ದಿನದ ಕಾರ್ಯಕ್ಕೆ ಕರೆಯದೆ ಹೋಗಿದ್ದೆ. ಹೋಗಬಾರದಿತ್ತೇನೋ. ಹೋಗದೆ ಇರಲಾಗಲಿಲ್ಲ.

ಪೇಚಿಯ ಅಪ್ಪ ಓಡಿಸಲಿಲ್ಲ. ಊಟವಾದ ಮೇಲೆ ಪೇಚಿ ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಕ್ಕಾ, ಅಮ್ಮ ಕಡೇದಾಗಿ ಮಾತಾಡಿದ್ದು ನಿಮ್ಮ ಹತ್ರಾನಂತೆ. ನಂಗೇನೋ ಹೇಳಕ್ಕಂತಲೇ ಫೋನ್ ಮಾಡಿದ್ಳಂತೆ. ಅದೇನು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಏನಂದ್ಳಕ್ಕಾ? ನಿಮಗೆ ಗೊತ್ತಲ್ಲ?"

ಕಣ್ಣು ಬಿಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆ ಮಾತು ಮುಗಿಯುವ ಮೊದಲೇ ಫೋನ್ ಇಟ್ಟವಳು ನಾನು.

ಅವಳ ಕೈ ಹಿಡಿದುಕೊಂಡೆ. ಹೇಳ್ತೀನಿ ಕಣೇ ಎಂದೆ. ನಿಮ್ಮಮ್ಮ ಹೇಳಿದ್ದು —