ನಿಲ್ಲುವ ಮೊದಲೇ ಇಳಿಯುವವರು

ಕೊಪ್ಪಳ
2127, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ಕಂಡಕ್ಟರ್ ನೀಲಗಂಗವ್ವ ಆಯಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ಶಾಂಭವಿಯ ನಮಸ್ಕಾರ.

ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು ಎಂದು ಓದಿದ್ದೇನೆ. ನನ್ನ ತಾರೀಖು, ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ನಾನು ಕಾಪುಕೋಣೆಯಲ್ಲಿದ್ದೇನೆ. ನನ್ನದೇ ರಕ್ತದ ಕಣಗಳಿಗೆ ರೋಗವನ್ನು ಗುರುತಿಸಲು ಕಲಿಸಿ ಮತ್ತೆ ಮೈಗೆ ಬಿಟ್ಟಿದ್ದಾರೆ. ಅವು ನೆಲೆಯೂರುವವರೆಗೆ, ಅಂದರೆ ನಲವತ್ತು ದಿನ, ಹೊರಗಿನವರ ಉಸಿರು ನನಗೆ ತಾಕಬಾರದು. ತಾಕಿದರೆ ಅವು ಹೊಸ ಸೋಂಕಿನ ಹಿಂದೆ ಓಡಿ ಕಲಿತದ್ದನ್ನು ಮರೆಯುತ್ತವೆ. ಇವತ್ತು ಇಪ್ಪತ್ಮೂರನೆಯ ದಿನ. ರೊಟ್ಟಿ ಗೋಡೆಯ ಕಿಂಡಿಯಿಂದ ಬರುತ್ತದೆ, ಚಪ್ಪಲಿಯ ಅಟ್ಟೆಯ ಹಾಗೆ. ಮಗಳು ಗಾಜಿನಾಚೆ ನಿಂತು ಬಿದ್ದ ಹಲ್ಲಿನ ಜಾಗ ತೋರಿಸುತ್ತಾಳೆ. ಬಾಗಿಲಿಗೆ ಬೀಗವಿಲ್ಲ. ಯಾರನ್ನೂ ಬಲವಂತವಾಗಿ ಕೂಡಿಹಾಕಬಾರದೆಂದು ನಮ್ಮ ಕಾನೂನು. ಅಂಗೈ ಇಟ್ಟರೆ ತೆರೆದುಕೊಳ್ಳುತ್ತದೆ. ಬೀಗವಿದ್ದಿದ್ದರೆ ಬೈದುಕೊಂಡಾದರೂ ಕೂತಿರುತ್ತಿದ್ದೆ. ಕುತ್ತಿಗೆಯ ಗಂಟು ಒಂದೇ ವಾರದಲ್ಲಿ ಕರಗಿತು. ಇನ್ನೇಕೆ ಈ ಸೆರೆ ಎಂದು ಇವತ್ತೇ ಏಳು ಸಲ ಬಾಗಿಲವರೆಗೆ ಹೋಗಿ ಬಂದೆ.

ನಿನ್ನದೂ ಇದೇ ರೋಗ, ಇದೇ ಜಾಗ. ಟಿಕೆಟ್ ಚೀಲದ ಪಟ್ಟಿ ಒತ್ತಿ ಗಂಟಾಗಿದೆ ಎಂದುಕೊಂಡಿದ್ದೆಯಂತೆ. ಇದು ಲಿಂಫೋಮಾ ಎಂಬ ಕ್ಯಾನ್ಸರ್, ಬಿರುಸಿನದು, ಆದರೆ ಬೇಗ ಸಿಕ್ಕಿದೆ, ವಾಸಿಯಾಗುತ್ತದೆ ಎಂದರಂತೆ ನಿನ್ನ ಡಾಕ್ಟರು. ಮೂರು ವಾರಕ್ಕೊಮ್ಮೆ, ಒಟ್ಟು ನಾಲ್ಕು ಸಲ ಔಷಧ ಏರಿಸಬೇಕಿತ್ತು. ಎರಡಕ್ಕೇ ಗಂಟು ಕಾಣೆಯಾಯಿತು. ಆಗ ನೀನು ನಿನ್ನ ಮಗಳ ಫೋನಿಗೆ ಕಳಿಸಿದ ಮಾತು ಇನ್ನೂ ನಮ್ಮ ಮನೆಯಲ್ಲಿದೆ: “ಗಂಟು ಹೋಗೈತಿ ಬಿಡವಾ. ಕೂದ್ಲಾ ಹೋಗಿದ್ದ ಸಾಕು. ನಾಳಿಂದ ಡ್ಯೂಟಿಗೆ ಹೊಂಟೀನಿ.” ಅದು ಬೂದಿ ಮುಚ್ಚಿದ ಕೆಂಡ, ಆಯಿ. ಎಂಟು ತಿಂಗಳಲ್ಲಿ ಮತ್ತೆ ಎದ್ದಿತು, ಆಗ ಯಾವ ಔಷಧಕ್ಕೂ ಬಗ್ಗಲಿಲ್ಲ. ಚಿಕ್ಕಂದಿನಿಂದ ನನಗೆ ನಿನ್ನ ಮೇಲೆ ಸಿಟ್ಟಿತ್ತು. ಈ ಕೋಣೆಗೆ ಬಂದ ಮೇಲೆ ಇಲ್ಲ. ಗಂಟು ಹೋದ ಮೇಲೆ ಕೂತಿರುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಗಿದೆ.

ಮೂರನೆಯ ಸರದಿಗೆ ಮೊದಲು ಈ ಪತ್ರ ಮುಟ್ಟಿದರೆ ದಯವಿಟ್ಟು ಹೋಗು. ನಾಲ್ಕನೆಯದಕ್ಕೂ ಹೋಗು.

ಮುಟ್ಟುವುದಿಲ್ಲವೆಂದು ನನಗೆ ಗೊತ್ತು. ಬರೆಯುವಷ್ಟು ಹೊತ್ತು ಅಂಗೈ ಕಾಗದದ ಮೇಲಿರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಈಗ ಕಾಗದ ಮುಗಿಯುತ್ತಾ ಬಂತು, ಇನ್ನೂ ಹದಿನೇಳು ದಿನವಿದೆ, ಹೆದರಿಕೆಯಾಗುತ್ತಿದೆ. ಬಸ್ಸು ನಿಲ್ಲುವ ಮೊದಲೇ ಇಳಿಯಲು ಬಂದವರಿಗೆ ನೀನು ಬಾಗಿಲಲ್ಲಿ ಕೈ ಅಡ್ಡ ಹಿಡಿದು ಬೈಯುತ್ತಿದ್ದೆಯಂತೆ.

ನನಗೂ ಹಿಡಿ, ಆಯಿ.