ಕುದಿಸಿದ ನೀರು

ಸಿರಸಂಗಿ, ಜೂನ್ ೧೯೯೮

ಯರಗಟ್ಟಿಯ ಅತ್ತೆಯವರಿಗೆ ಶೈಲಜಾಳ ನಮಸ್ಕಾರ.

ನನ್ನ ಕೂಸು ಮೈ ನೀಲಿಗಟ್ಟಿ ಸತ್ತ ಕಾರಣವನ್ನು ಡಾಕ್ಟರು ಹೇಳಿದರು. ಹೊಲಕ್ಕೆ ಹಾಕಿದ ಗೊಬ್ಬರ ನಿಮ್ಮ ಬಾವಿಗೆ ಇಳಿದಿದೆ. ಆ ನೀರು ಕುಡಿದರೆ ಎಳೆಗೂಸಿನ ರಕ್ತ ಮೈಗೆ ಪ್ರಾಣವಾಯು ಮುಟ್ಟಿಸದು. ಕುದಿಸಿದಷ್ಟೂ ನೀರು ಇಂಗಿ, ಉಳಿದ ನೀರಿನಲ್ಲಿ ವಿಷ ಹೆಚ್ಚುತ್ತದೆ. ಬೇಗ ಒಯ್ದಿದ್ದರೆ ಒಂದು ಇಂಜೆಕ್ಷನ್ ಸಾಕಿತ್ತಂತೆ.

ಕೂಸಿಗೆ ಭೇದಿಯಾದಾಗ “ನಿನ್ನ ಹಾಲು ಆಗಿಬರಂಗಿಲ್ಲ, ತಾ ಇತ್ತ” ಎಂದು ಕಸಿದುಕೊಂಡಿರಿ. ಹಾಲಿನ ಪುಡಿಗೆ ಬಾವಿ ನೀರನ್ನು ಅರ್ಧಕ್ಕೆ ಇಳಿಯುವವರೆಗೆ ನೀವೇ ಕುದಿಸಿದಿರಿ. ಸತ್ತ ಮೇಲೆ, “ತಾಯಿ ಹಾಲಾಗ ವಿಷ ಇತ್ತು” ಎಂದು ಓಣಿಗೆಲ್ಲ ಹೇಳಿದಿರಿ.

ನಿಮ್ಮ ಕಿರಿಯ ಸೊಸೆ, ನನ್ನ ನೆಗೆಣ್ಣಿ ಭಾಗೀರಥಿ ಕೂಸಿನೊಂದಿಗೆ ತವರಿನಿಂದ ನಿಮ್ಮ ಮನೆಗೆ ಬಂದಿದ್ದಾಳಂತೆ. ಅವಳ ಎದೆಹಾಲು ಬಿಡಿಸಬೇಡಿ.

ನಿಮಗೆ ಓದು ಬರುವುದಿಲ್ಲ. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನು ನಿಮಗೆ ಓದಿ ಹೇಳುವವಳು ಅವಳೇ ಎಂದು ಗೊತ್ತಿದ್ದೇ ಬರೆದಿದ್ದೇನೆ.

ನಿಮ್ಮ ಹಿರಿಯ ಸೊಸೆ,
ಶೈಲಜಾ