ತಲೆಕೆಳಗಾದ ಲೋಳೆಸರ

ಬಾಗೂರು, ೧೯೦೮

ಮಂಗಳೂರಿನಲ್ಲಿರುವ ಯಜಮಾನರಿಗೆ ಶರಣು.

ನಿಮ್ಮ ಕಾಗದ ಬಂತು. ಪುಟದ ತುಂಬ ಸಮುದ್ರದ ದಂಡೆ, ಸಂಜೆಯ ತಿರುಗಾಟ, ಏಡಿ, ಚಿಪ್ಪು! ಕಡೆಯ ಸಾಲಿನಲ್ಲಿ ಮಾತ್ರ, ಲೋಳೆಸರ ಮತ್ತೆ ಕೊಳೆಯಿತು, ಇನ್ನೊಂದು ಕಳಿಸು ಎಂದಿದ್ದೀರಿ.

ಕುಂಡದಲ್ಲಿ ನೆಟ್ಟು ದಿನವೂ ನೀರು ಹೊಯ್ದರೆ ಕೊಳೆಯದೆ ಇನ್ನೇನಾದೀತು? ದೃಷ್ಟಿ ತಾಗದಿರಲೆಂದು ಕೊಟ್ಟದ್ದನ್ನು ಬೇರು ಮೇಲಾಗಿ ಬಾಗಿಲಿಗೆ ಕಟ್ಟಬೇಕೆಂದು ಎಷ್ಟು ಸಲ ಬರೆಯಲಿ? ನೀವು ಹೋದ ದಿನ ಇಲ್ಲಿ ಕಟ್ಟಿದ್ದು ಇನ್ನೂ ಹಸಿರಾಗಿದೆ. "ಮೂರು ವರ್ಷದಿಂದ ಒಂದು ಹನಿ ನೀರಿಲ್ಲ, ಹೆಂಗೈತೆ ನೋಡೇ!" ಎಂದು ನಿಮ್ಮ ತಾಯಿ ಅದನ್ನು ದಿನಾ ನನಗೆ ತೋರಿಸುತ್ತಾರೆ.

ಈ ಸಲ ಗಿಡವನ್ನು ನಾನೇ ತರುತ್ತೇನೆ. ಅಣ್ಣನ ಗಾಡಿ ಸೋಮವಾರ ಹೊರಡುತ್ತದೆ. ಮನೆಯಲ್ಲಿ ಇನ್ನೊಂದು ಚಾಪೆ ತಂದಿಟ್ಟಿರಿ. ನೀರಿಲ್ಲದೆ ಬದುಕುವುದು ಅದಕ್ಕೆ ಬರುತ್ತದೆ, ನನಗೆ ಬರುವುದಿಲ್ಲ.

ಇತಿ,
ಹಾಲಮ್ಮ